ಒಂದು ಗಂಟೆಯ ಮಳೆ, ನಾಲ್ಕು ಗಂಟೆಯ ಸಿಡಿಲು

ನನ್ನ ಪಿಎಚ್‌ಡಿಯ ವಾರ್ಷಿಕ ಪರಿಶೀಲನೆಗೆಂದು ಹೊರಗಿನಿಂದ ಬಂದಿದ್ದ ತಜ್ಞರು ನನ್ನ ಏಳನೆಯ ಸ್ಲೈಡ್ ನೋಡಿ ನಕ್ಕರು. ಸಣ್ಣ ನಗುವಲ್ಲ, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಂಥ ನಗು. ಸ್ಲೈಡಿನಲ್ಲಿ ಇದ್ದದ್ದು ಒಂದು ಪಟ್ಟಿ. ಬದಲಾಪುರ, ಅಂಬರನಾಥ, ಶಿಳ್‌ಫಾಟಾ, ತಳೋಜಾ, ನೆರೂಳ ಎಂದು ಠಾಣೆ ನಗರದ ಸುತ್ತಲಿನ ಊರುಗಳು, ಪ್ರತಿಯೊಂದರ ಮುಂದೆ ಆಯಾ ದಿನ ಮಳೆಯ ಮೊದಲ ಹನಿ ಬಿದ್ದ ಹೊತ್ತು. ಕೆಳಗೆ ಮಾಹಿತಿಯ ಮೂಲ ಎಂಬಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೆ: ಸ್ಲ್ಯಾಬ್ ಹಾಕುವ ಗ್ಯಾಂಗುಗಳ ವಾಟ್ಸಾಪ್ ಧ್ವನಿ ಸಂದೇಶಗಳು.

"ಇದನ್ನು ಹವಾಮಾನಶಾಸ್ತ್ರ ಅನ್ನುವುದಿಲ್ಲ, ಗಾಳಿಸುದ್ದಿ ಅನ್ನುತ್ತಾರೆ" ಎಂದರು ತಜ್ಞರು. ಸಭೆ ನಡೆದದ್ದು ಇಂಗ್ಲಿಷಿನಲ್ಲಿ, ನನ್ನ ಮೈ ಉರಿದದ್ದು ಮಾತ್ರ ಕನ್ನಡದಲ್ಲಿ. ಸಮಿತಿ ಕೊನೆಗೆ ಹೇಳಿದ್ದಿಷ್ಟು: ಈ ಸಂದೇಶಗಳ ಭಾಗ ತೆಗೆದುಹಾಕಬೇಕು. ಕಂಪ್ಯೂಟರ್ ಮಾದರಿಯ ಮಾಹಿತಿ ಒಂದನ್ನೇ ಇಟ್ಟುಕೊಂಡು ಗುಡುಗುಮಳೆ ಎಷ್ಟು ಹೊತ್ತಿಗೆ ಹುಟ್ಟುತ್ತದೆ ಎಂದು ಬರೆಯಬೇಕು. ಆರು ತಿಂಗಳಲ್ಲಿ ಹಾಗೆ ಮಾಡಿ ತರದಿದ್ದರೆ ನೋಂದಣಿ ರದ್ದು.

ಸಭೆ ಮುಗಿದ ಮೇಲೆ ನನ್ನ ಗೈಡ್ ನನ್ನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಅವರು ಉಡುಪಿ ಕಡೆಯವರು, ನೆರೂಳದಲ್ಲಿ ಮನೆ, ಯಾರ ಮೇಲೂ ದನಿ ಎತ್ತಿದವರಲ್ಲ. ಚಹಾ ತರಿಸಿಕೊಟ್ಟು, "ಎಂತ ಮಾಡುವುದು ಮಾರಾಯ್ತಿ, ಅವರು ಹೇಳಿದ ಹಾಗೆ ಮಾಡಿ ಮುಗಿಸಿ ಬಿಡಿ. ಡಿಗ್ರಿ ಕೈಗೆ ಬಂದ ಮೇಲೆ ನಿಮಗೆ ಬೇಕಾದ್ದು ಮಾಡಬಹುದಲ್ಲ" ಎಂದರು.

"ಸರ್, ಮಾದರಿ ಒಂದು ಗಂಟೆಗೆ ಅನ್ನುತ್ತದೆ. ಮಳೆ ನಾಲ್ಕಕ್ಕೆ ಬರುತ್ತದೆ. ಒಂದು ಗಂಟೆಗೆ ಅಂತ ನಾನು ಹೇಗೆ ಬರೆಯಲಿ?"

"ಮಾದರಿಯ ಪ್ರಕಾರ ಒಂದು ಗಂಟೆಗೆ ಅಂತ ಬರೆಯಿರಿ. ಸುಳ್ಳೇನಲ್ಲವಲ್ಲ ಅದು."

ಸುಳ್ಳಲ್ಲ, ನಿಜ. ಆದರೆ ಆ ಒಂದು ಗಂಟೆ ನನ್ನ ಅವ್ವನ ಎಡಗೈಯನ್ನು ತಿಂದಿತ್ತು. ಗೈಡ್‌ಗೆ ಅದು ಗೊತ್ತಿರಲಿಲ್ಲ. ನಾನು ಆವರೆಗೆ ಯಾರಿಗೂ ಹೇಳಿರಲಿಲ್ಲ.

ನನ್ನ ಅಪ್ಪ ಸ್ಲ್ಯಾಬ್ ಗ್ಯಾಂಗಿನ ಮುಕಾದಮ, ಅಂದರೆ ಮೇಸ್ತ್ರಿ. ವಿಜಯಪುರದ ಕಡೆಯಿಂದ ಬಂದು ವಿಠ್ಠಲವಾಡಿಯಲ್ಲಿ ನೆಲೆ ನಿಂತವರು. ಅವ್ವ ಅದೇ ಗ್ಯಾಂಗಿನಲ್ಲಿ ಕಾಂಕ್ರೀಟು ತುಂಬಿದ ಬಾಣಲೆ, ಘಮೇಲಿ, ಹೊರುತ್ತಿದ್ದಳು. ಪಂಪು ಬಂದ ಮೇಲೆ ಹೊರುವುದು ಕಡಿಮೆಯಾಗಿ, ಸುರಿದ ಕಾಂಕ್ರೀಟನ್ನು ಹರವುವ, ಮಟ್ಟ ಮಾಡುವ ಕೆಲಸ. ನಾನು ಏಳನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಮರಾಠಿಗೆ, ಆಮೇಲೆ ಇಂಗ್ಲಿಷಿಗೆ ಜಿಗಿದವಳು. ಒಂದು ವಯಸ್ಸಿನಲ್ಲಿ ಅವ್ವ ಕನ್ನಡದಲ್ಲಿ ಕೇಳಿದರೆ ನಾನು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದೆ, ಅದೂ ಮುಖ ಗಂಟು ಹಾಕಿಕೊಂಡು. ಇದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನಾನು ಎಂಎಸ್ಸಿ ಎರಡನೆಯ ವರ್ಷದಲ್ಲಿದ್ದಾಗ ಒಂದು ಅಕ್ಟೋಬರ್ ಮಧ್ಯಾಹ್ನ ತಳೋಜಾದಲ್ಲಿ ಹದಿನಾಲ್ಕನೆಯ ಮಹಡಿಯ ಸ್ಲ್ಯಾಬ್ ನಡೆಯುತ್ತಿತ್ತು. ಸೈಟ್ ಎಂಜಿನಿಯರನ ಮೊಬೈಲು ಒಂದು ಗಂಟೆಗೆ ಗುಡುಗುಮಳೆ ಎಂದು ತೋರಿಸಿತು. ಅವನು ಕೆಟ್ಟವನಲ್ಲ, ಎಲ್ಲರನ್ನೂ ಕೆಳಗಿಳಿಸಿದ. ಒಂದು ಹೋಯಿತು, ಎರಡು ಹೋಯಿತು, ತಲೆಯ ಮೇಲೆ ಬಿಸಿಲು ಸುಡುತ್ತಲೇ ಇತ್ತು. ಗೇಟಿನ ಹೊರಗೆ ಕಾಂಕ್ರೀಟ್ ತುಂಬಿದ ಮಿಕ್ಸರ್ ಗಾಡಿಗಳು ಹೊಟ್ಟೆ ತಿರುಗಿಸುತ್ತಾ ನಿಂತಿದ್ದವು. ಮೂರು ದಾಟಿದ ಮೇಲೆ ಅವನ ತಾಳ್ಮೆ ಹೋಯಿತು. "ಏಕ್ ಬಜೇ ಆಯೇಗಾ ಬೋಲಾ ಥಾ, ಆಯಾ ಕ್ಯಾ? ಚಲೋ, ಸಬ್ ಊಪರ್!" ಎಂದು ಬಾರದ ಮಳೆಯನ್ನು ಹಂಗಿಸಿ ಎಲ್ಲರನ್ನೂ ಮೇಲಕ್ಕೆ ಕೂಗಿದ. ಎಲ್ಲರೂ ನಗುತ್ತಲೇ ಮೇಲೆ ಹೋದರು. ನಾಲ್ಕು ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ ಪಕ್ಕದ ಕ್ರೇನಿಗೆ ಸಿಡಿಲು ಹೊಡೆಯಿತು. ಅವ್ವ ಆಗ ಕಂಬದಿಂದ ಮೇಲೆದ್ದ ಕಬ್ಬಿಣದ ಸರಳನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದಳು. ಬದುಕಿದಳು. ಕೈಯಲ್ಲಿ ಅಂದಿನಿಂದ ಸ್ಪರ್ಶವಿಲ್ಲ. ರೊಟ್ಟಿ ಬಡಿಯುವಾಗ ತವೆ ತಗುಲಿ ಸುಟ್ಟರೂ ವಾಸನೆ ಬಂದ ಮೇಲೆಯೇ ಅವಳಿಗೆ ತಿಳಿಯುವುದು.

ಎಚ್ಚರಿಕೆ ಬಂದಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಎಚ್ಚರಿಕೆ ಬಂದಿತ್ತು, ಮೂರು ಗಂಟೆ ಮೊದಲೇ ಬಂದಿತ್ತು. ಅದು ಬಾರದೇ ಇದ್ದಿದ್ದರೆ, ನಾಲ್ಕರ ಹೊತ್ತಿಗೆ ಪೂರ್ವ ದಿಕ್ಕಿನಲ್ಲಿ ಕಪ್ಪಾದ ಆಕಾಶವನ್ನು ನೋಡಿ ಅಪ್ಪ ತಾನೇ ಎಲ್ಲರನ್ನೂ ಇಳಿಸುತ್ತಿದ್ದ. ಒಮ್ಮೆ ಇಳಿದು ಎರಡು ತಾಸು ಸುಮ್ಮನೆ ಕೂತವರನ್ನು ಮತ್ತೆ ಇಳಿಸಲು ಯಾವ ಮುಕಾದಮನಿಗೂ ಬಾಯಿ ಬರುವುದಿಲ್ಲ. ನಾನು ಈ ವಿಷಯ ಹಿಡಿದದ್ದು ಇದಕ್ಕೆ. ವಿಜ್ಞಾನದ ಮೇಲಿನ ಪ್ರೀತಿ, ಜ್ಞಾನದಾಹ ಎಂದೆಲ್ಲ ಅರ್ಜಿಯಲ್ಲಿ ಬರೆದಿದ್ದೆ. ನಿಜವಾಗಿ ನನಗಿದ್ದದ್ದು ಸಿಟ್ಟು.

ಮಾದರಿಯ ಬಗ್ಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಹವಾಮಾನದ ಕಂಪ್ಯೂಟರ್ ಮಾದರಿ ಭೂಮಿಯನ್ನೆಲ್ಲ ಚೌಕ ಚೌಕವಾಗಿ ಕೊಯ್ದುಕೊಂಡಿರುತ್ತದೆ. ಎಂಜಿನಿಯರನ ಮೊಬೈಲಿಗೆ ಬರುವ ಮುನ್ಸೂಚನೆಯ ಮೂಲವೂ ಇಂಥದ್ದೇ. ಪ್ರತಿ ಚೌಕಕ್ಕೂ ಗಂಟೆಗೊಮ್ಮೆ ಒಂದು ಉಷ್ಣಾಂಶ, ಒಂದು ಗಾಳಿ, ಇಷ್ಟು ತೇವ, ಇಷ್ಟು ಮಳೆ. ಹಲವು ವರ್ಷಗಳ ಮಾಹಿತಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಟ್ಟಿದ್ದಾರೆ. ನಾನು ಕಾಲೇಜಿನ ಲ್ಯಾಬಿನಲ್ಲಿ ಕೂತು ವಾರಗಟ್ಟಲೆ ಇಳಿಸಿಕೊಂಡೆ. ನಾನು ಬಳಸಿದ ಮಾದರಿಯಲ್ಲಿ ಠಾಕುರ್ಲಿ, ಡೊಂಬಿವಲಿ, ಕಲ್ಯಾಣ, ವಿಠ್ಠಲವಾಡಿ ಎಲ್ಲವೂ ಒಂದೇ ಚೌಕ. ಮೋಡ ಅದಕ್ಕಿಂತ ಎಷ್ಟೋ ಚಿಕ್ಕದು. ಹಾಗಾಗಿ ಚೌಕದೊಳಗೆ ಮೋಡ ಹೇಗೆ ಏಳುತ್ತದೆ ಎಂಬುದು ಮಾದರಿಗೆ ಕಾಣುವುದಿಲ್ಲ, ಸೂತ್ರ ಹಾಕಿ ಊಹಿಸುತ್ತದೆ. ನೆಲ ಕಾದಿದೆ, ತೇವ ಇದೆ, ಸರಿ, ಮಳೆ ಬರಲಿ ಎಂದು ಮಧ್ಯಾಹ್ನ ಊಟದ ಹೊತ್ತಿಗೇ ತೀರ್ಮಾನಿಸಿಬಿಡುತ್ತದೆ.

ನಿಜದ ಆಕಾಶಕ್ಕೆ ಆ ಅವಸರವಿಲ್ಲ. ನೆಲದ ಬಿಸಿಗಾಳಿಯ ಮೇಲೆ ಇನ್ನೊಂದು ಪದರ ಪಾತ್ರೆಯ ಮೇಲಿನ ಮುಚ್ಚಳದಂತೆ ಕೂತಿರುತ್ತದೆ. ಹಿನ್ನೀರಿನ ಖಾಡಿಯ ಮೇಲಿಂದ ಸಮುದ್ರದ ಗಾಳಿ ಒಳನಾಡಿಗೆ ನಡೆದು ಬದಲಾಪುರದ ಆಚೆಯ ಗುಡ್ಡದ ಬುಡ ಮುಟ್ಟುವವರೆಗೆ ಆ ಮುಚ್ಚಳ ಏಳುವುದಿಲ್ಲ. ಎದ್ದಿತೋ, ಅರ್ಧ ಗಂಟೆಯಲ್ಲಿ ಮೋಡ ಮುಗಿಲು ಮುಟ್ಟುತ್ತದೆ. ಅಕ್ಟೋಬರಿನಲ್ಲಿ ಮೇಲಿನ ಗಾಳಿ ಪೂರ್ವದಿಂದ ಬೀಸುವುದರಿಂದ ಅಲ್ಲಿ ಹುಟ್ಟಿದ ಮಳೆ ಅಂಬರನಾಥ, ಶಿಳ್‌ಫಾಟಾ ದಾಟಿ ತಳೋಜಾ, ನೆರೂಳದ ಕಡೆಗೆ ಸರಿಯುತ್ತದೆ. ಮಾದರಿಗಳು ಅವಸರ ಮಾಡುತ್ತವೆ ಎಂಬುದು ಹೊಸ ವಿಷಯವಲ್ಲ, ಆ ಕ್ಷೇತ್ರದವರಿಗೆಲ್ಲ ಗೊತ್ತು. ನಮ್ಮ ಕಡೆ ಎಷ್ಟು ಅವಸರ, ಎಲ್ಲಿ ಅವಸರ ಎಂದು ಯಾರೂ ಅಳೆದಿರಲಿಲ್ಲ. ಅಳೆಯಬೇಕಾದರೆ ಮೊದಲ ಹನಿ ಎಲ್ಲಿ, ಎಷ್ಟು ಹೊತ್ತಿಗೆ ಬಿತ್ತು ಎಂದು ತಿಳಿಯಬೇಕು. ರೇಡಾರ್ ಮಾಹಿತಿಗೆ ಮೂರು ಅರ್ಜಿ ಹಾಕಿದೆ. ಒಂದಕ್ಕೂ ಉತ್ತರ ಬರಲಿಲ್ಲ.

ಆಮೇಲೆ ನೆನಪಾದದ್ದು ಅಪ್ಪನ ಮೊಬೈಲಿನಲ್ಲಿದ್ದ ತಾಡಪತ್ರಿ ಗ್ರೂಪು. ಹಸಿ ಸ್ಲ್ಯಾಬಿನ ಮೇಲೆ ಮಳೆ ಬಿದ್ದರೆ ಸಿಮೆಂಟಿನ ಹಾಲು ತೊಳೆದುಹೋಗಿ ಜಲ್ಲಿ ಬಿಚ್ಚಿಕೊಳ್ಳುತ್ತದೆ; ಮಾಡಿದ ಕೆಲಸ ನೀರುಪಾಲು. ಅದಕ್ಕೇ ಈ ಕಡೆಯ ನಮ್ಮ ಮುಕಾದಮರೆಲ್ಲ ಸೇರಿ ಒಂದು ಗ್ರೂಪು ಮಾಡಿಕೊಂಡಿದ್ದರು. ಯಾವ ಸೈಟಿನಲ್ಲಿ ಮೊದಲ ಹನಿ ಬೀಳುತ್ತದೋ ಆ ಮುಕಾದಮ ತಕ್ಷಣ ಮೊಬೈಲು ಒತ್ತಿ ಹೇಳಬೇಕು, ಉಳಿದವರು ಸ್ಲ್ಯಾಬ್ ಮುಚ್ಚಲು ತಾಡಪತ್ರಿ, ಅಂದರೆ ಟಾರ್ಪಾಲಿನ್, ಬಿಚ್ಚಿಕೊಳ್ಳಬೇಕು. ಕಟ್ಟುನಿಟ್ಟಿನ ಗ್ರೂಪು ಅದು. ದೇವರ ಫೋಟೊ ಇಲ್ಲ, ಗುಡ್ ಮಾರ್ನಿಂಗ್ ಇಲ್ಲ, ಜೋಕ್ ಇಲ್ಲ. ಒಮ್ಮೆ ಯಾರೋ ಮಗಳ ಮದುವೆಯ ಕರೆಯೋಲೆ ಹಾಕಿದ್ದಕ್ಕೆ ಅಪ್ಪ ಅವರನ್ನು ಎರಡು ದಿನ ಹೊರಗಿಟ್ಟಿದ್ದ. ಮದುವೆಗೆ ಮಾತ್ರ ಎಲ್ಲರಿಗಿಂತ ಮೊದಲು ಹೋಗಿದ್ದ.

ಕೆಲವು ವರ್ಷಗಳ ಸಂದೇಶಗಳು ಅಪ್ಪನ ಮೊಬೈಲಿನಲ್ಲಿ ಹಾಗೆಯೇ ಇದ್ದವು. ಅವುಗಳಲ್ಲಿ ಸೈಟಿನ ಹೆಸರು ಇತ್ತು, ಪಕ್ಕದಲ್ಲಿ ಮೊಬೈಲೇ ತೋರಿಸುವ ಗಂಟೆ ನಿಮಿಷ ಇತ್ತು. ಇದಕ್ಕಿಂತ ಇನ್ನೇನು ಬೇಕು? ನಾನು ಕುಣಿದಾಡಿದೆ. ಒಂದೊಂದನ್ನೂ ಒತ್ತಿ, ಊರಿನ ಹೆಸರು ಕಿವಿಗೆ ಬಿದ್ದ ಕೂಡಲೇ ನಿಲ್ಲಿಸಿ, ಪಕ್ಕದ ಹೊತ್ತು ಬರೆದುಕೊಂಡು ಮುಂದಿನದಕ್ಕೆ ಹೋಗುತ್ತಿದ್ದೆ. ಹಾಗೆ ಹುಟ್ಟಿದ್ದು ತಜ್ಞರು ನಕ್ಕ ಆ ಪಟ್ಟಿ. ಮಾದರಿಯ ಹೊತ್ತಿಗೂ ಪಟ್ಟಿಯ ಹೊತ್ತಿಗೂ ಮೂರು ಗಂಟೆಯ ಅಂತರ ಕಾಣುತ್ತಿತ್ತು.

ಅವರು ಬರೀ ನಕ್ಕಿದ್ದರೆ ನಾನು ಅಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ನಕ್ಕ ಮೇಲೆ ಒಂದು ಪ್ರಶ್ನೆಯನ್ನೂ ಕೇಳಿದ್ದರು. "ಸೈಟಿನಲ್ಲಿ ನೆಟ್‌ವರ್ಕ್ ಇರದಿದ್ದರೆ ಸಂದೇಶ ತಡವಾಗಿ ಹೋಗುತ್ತದೆ. ನೀವು ಬರೆದುಕೊಂಡ ಹೊತ್ತು ಮಳೆ ಬಂದದ್ದೋ, ನೆಟ್‌ವರ್ಕ್ ಬಂದದ್ದೋ?" ಆ ಮನುಷ್ಯನ ಮೇಲೆ ಸಿಟ್ಟು ಬಂದದ್ದು ನಗುವಿಗಿಂತ ಹೆಚ್ಚಾಗಿ ಆ ಪ್ರಶ್ನೆ ಸರಿಯಾಗಿದ್ದದ್ದಕ್ಕೆ.

ಮರುದಿನವೇ ಶಿಳ್‌ಫಾಟಾದ ಸೈಟಿಗೆ ಹೋದೆ. ಗುಡ್ಡದ ಮಗ್ಗುಲಲ್ಲಿ ಏಳುತ್ತಿದ್ದ ಕಟ್ಟಡ. ಮೂರನೆಯ ಮಹಡಿಯಲ್ಲಿ ನಿಂತು ಅಪ್ಪನಿಗೆ ಒಂದು ಸಂದೇಶ ಕಳಿಸಿದೆ. ಅದು ಹೋಗಲಿಲ್ಲ. ಅಲ್ಲಿಯ ಮುಕಾದಮ ಮಾವ ನನ್ನ ಮುಖ ನೋಡಿ, "ಇಲ್ಲಿ ಹಂಗೇ ಅವ್ವಿ. ಗಾಳಿ ಬಂದಂಗ ನೆಟ್‌ವರ್ಕ್ ಬರ್ತೈತಿ, ಹೋಗ್ತೈತಿ. ಕೆಳಗ ಚಾದಂಗಡಿ ತನಾ ಹೋದ್ರ ಹೊಕ್ಕೈತಿ" ಎಂದ. ಚಹಾದಂಗಡಿಗೆ ಇಳಿದು ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಸ್ಲ್ಯಾಬ್ ನಡೆಯುವಾಗ, ತಾಡಪತ್ರಿ ಎಳೆಯುವ ಗದ್ದಲದಲ್ಲಿ, ಯಾರು ಇಳಿದು ಹೋಗುತ್ತಾರೆ? ಆ ಸೈಟಿನ ಹೊತ್ತುಗಳೆಲ್ಲ ಹಾಳು. ಬೇರೆ ಯಾವ ಸೈಟುಗಳು ಹಾಳು ಎಂಬುದೂ ಗೊತ್ತಿಲ್ಲ. ನನ್ನ ಮೂರು ಗಂಟೆಯ ಅಂತರದಲ್ಲಿ ಆಕಾಶದ ಪಾಲೆಷ್ಟು, ಮೊಬೈಲಿನ ಪಾಲೆಷ್ಟು ಎಂದು ಬಿಡಿಸುವುದು ಹೇಗೆ?

ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಮನೆ ಸೇರುವವರೆಗೂ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಅಪ್ಪ ಕೆಲಸದಿಂದ ಬಂದಿರಲಿಲ್ಲ. ಅವ್ವ ಬಾಗಿಲಲ್ಲಿ ಕೂತು ಬೇಳೆ ಆರಿಸುತ್ತಿದ್ದಳು, ಬಲಗೈಯಲ್ಲಿ. ನಾನು ಅವಳ ಮುಂದೆ ಎಲ್ಲವನ್ನೂ ಕಕ್ಕಿದೆ. ಸಂದೇಶಗಳು ತಡವಾಗಿ ಬಂದಿವೆ, ನಿಜವಾದ ಹೊತ್ತು ತಿಳಿಯಲು ದಾರಿಯೇ ಇಲ್ಲ, ಎಲ್ಲ ಮುಗಿಯಿತು ಎಂದೆ.

ಅವ್ವ ಬೇಳೆಯಿಂದ ತಲೆ ಎತ್ತಲಿಲ್ಲ. "ಗಾಡಿ ಎಷ್ಟನೇದು ಅಂತ ಹೇಳ್ತಾರಲ್ಲ, ಅದನ್ನ ಬರ್ಕೊಂಡಿಲ್ಲೇನು?"

"ಯಾವ ಗಾಡಿ?"

ಈಗ ತಲೆ ಎತ್ತಿದಳು. ಮಗಳು ಓದಿದವಳೋ ಅಥವಾ ಹುಚ್ಚಿಯೋ ಎಂದು ನೋಡುವ ನೋಟ. "ನೀ ಪೂರಾ ಕೇಳೇ ಇಲ್ಲ?"

ಕೇಳಿರಲಿಲ್ಲ. ಊರಿನ ಹೆಸರಿಗೆ ನಿಲ್ಲಿಸುತ್ತಿದ್ದೆನಲ್ಲ. ಆಗಲೇ ಮೊಬೈಲು ತೆಗೆದು ಶಿಳ್‌ಫಾಟಾದ ಒಂದು ಹಳೆಯ ಸಂದೇಶವನ್ನು ಕೊನೆಯವರೆಗೆ ಕೇಳಿದೆ. "ಶಿಳ್‌ಫಾಟಾ. ಬಂತ್ರಿ ಮಳಿ. ಎಂಟನೇ ಗಾಡಿ ಅರ್ಧಾ ಖಾಲಿ ಆಗಿತ್ತು, ಆವಾಗ ಬಂತು. ತಳೋಜಾದವ್ರು ಹುಷಾರ್." ಇನ್ನೊಂದು: "ಅಂಬರನಾಥ. ಐದನೇ ಗಾಡಿ ಪೈಪ್ ಹಚ್ಚೂದ್ರಾಗ ಬಂತು." ಎಲ್ಲರೂ ಹೇಳಿದ್ದರು. ಪ್ರತಿ ಬಾರಿಯೂ ಹೇಳಿದ್ದರು. ಮಳೆ ಬಿದ್ದಾಗ ಸ್ಲ್ಯಾಬಿನ ಎಷ್ಟು ಭಾಗ ಹಸಿ ಇತ್ತು ಎಂದು ಉಳಿದವರಿಗೆ ತಿಳಿಯಲಿ ಎಂದು ಹಾಗೆ ಹೇಳುವುದು ಅವರ ರೂಢಿ. ನನ್ನ ಸ್ವಂತ ಅಪ್ಪನ ಸಂದೇಶಗಳನ್ನೂ ನಾನು ಊರಿನ ಹೆಸರಿಗೇ ಕತ್ತರಿಸಿದ್ದೆ.

"ಚಲನ್ ಅದಾವಲ್ಲ" ಎಂದಳು ಅವ್ವ, ಮತ್ತೆ ಬೇಳೆಗೆ ಕೈ ಹಾಕುತ್ತಾ.

ಕಾಂಕ್ರೀಟಿಗೆ ಅದರದೇ ಒಂದು ಗಡಿಯಾರ ಇದೆ. ಪ್ಲಾಂಟಿನಲ್ಲಿ ಕಲಸಿದ ಮೇಲೆ ಇಷ್ಟು ಹೊತ್ತಿನೊಳಗೆ ಸುರಿದು ಮುಗಿಸದಿದ್ದರೆ ಅದು ಬಿಗಿಯುತ್ತದೆ, ಬಳಸುವಂತಿಲ್ಲ. ಅದಕ್ಕೇ ಪ್ರತಿ ಮಿಕ್ಸರ್ ಗಾಡಿಯ ಜೊತೆ ಒಂದು ಚಲನ್ ಬರುತ್ತದೆ: ಪ್ಲಾಂಟು ಬಿಟ್ಟ ಹೊತ್ತು, ಸೈಟಿಗೆ ಬಂದ ಹೊತ್ತು, ಸುರಿಯಲು ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು. ಆಮೇಲೆ ಸ್ಲ್ಯಾಬ್ ಬಿರುಕು ಬಿಟ್ಟರೆ ತಪ್ಪು ಮೊದಲು ಗ್ಯಾಂಗಿನ ತಲೆಗೆ ಬರುತ್ತದೆ ಎಂದು ಮುಕಾದಮರು ಒಂದೊಂದು ಪ್ರತಿಯನ್ನು ಜೋಪಾನ ಮಾಡುತ್ತಾರೆ. ಅಪ್ಪನವು ಮಂಚದ ಕೆಳಗೆ ಗೋಧಿ ಚೀಲದಲ್ಲಿದ್ದವು. ಎಂಟನೆಯ ಗಾಡಿ ಸುರಿಯಲು ಶುರುವಾದದ್ದು, ಮುಗಿದದ್ದು ಎರಡೂ ಗೊತ್ತಾದರೆ ಅರ್ಧ ಖಾಲಿಯಾದ ಹೊತ್ತು ಕೆಲವೇ ನಿಮಿಷಗಳ ಅಂದಾಜಿನಲ್ಲಿ ಸಿಗುತ್ತದೆ. ನೆಟ್‌ವರ್ಕ್ ಇರಲಿ, ಹಾಳಾಗಿ ಹೋಗಲಿ.

ಮುಂದಿನ ಐದು ತಿಂಗಳು ನಾನು ಮಾಡಿದ್ದು ಅದನ್ನೇ. ರವಿವಾರಗಳಲ್ಲಿ ಒಬ್ಬೊಬ್ಬ ಮುಕಾದಮರ ಮನೆಗೆ ಹೋಗಿ ಚಲನ್ ಕೇಳಿದೆ. ಕೆಲವರು ಚೀಲ ಸಮೇತ ಕೊಟ್ಟರು. ಒಬ್ಬರು, "ಏನವ್ವ, ನಿಮ್ಮಪ್ಪ ನಮ್ಮ ಮ್ಯಾಲ ಕೇಸ್ ಹಾಕ್ತಾನೇನು?" ಎಂದು ಬಾಗಿಲಲ್ಲೇ ಅಡ್ಡ ನಿಂತರು, ಅವ್ವನೇ ಬಂದು ಕೂತು ತಿಳಿಸಿ ಹೇಳಬೇಕಾಯಿತು. ಸಂದೇಶಗಳನ್ನೆಲ್ಲ ಮೊದಲಿನಿಂದ ಕೇಳಿದೆ, ಈ ಸಲ ಕೊನೆಯ ಉಸಿರಿನವರೆಗೆ. ಹಿಂದೆ ಹನಿ ಬೀಳುವ ಸದ್ದು, ವೈಬ್ರೇಟರಿನ ಗುರುಗುರು, ಹೆಂಗಸರು ತಾಡಪತ್ರಿ ಎಳೆಯುತ್ತಾ ಒಬ್ಬರನ್ನೊಬ್ಬರು ಬೈಯುವುದು. ಚಲನ್ ಸಿಗದ ದಿನಗಳನ್ನು ನಿರ್ದಾಕ್ಷಿಣ್ಯವಾಗಿ ತೆಗೆದೆ. ನನ್ನ ಪಟ್ಟಿ ಅರ್ಧಕ್ಕೆ ಇಳಿಯಿತು. ಮೂರು ಗಂಟೆ ಎಂದು ನಾನು ಹೆಮ್ಮೆಯಿಂದ ತೋರಿಸಿದ್ದ ಅಂತರ ಎರಡರ ಆಸುಪಾಸಿಗೆ ಬಂತು. ಆದರೆ ಈ ಎರಡನ್ನು ಯಾರೂ ಅಲುಗಾಡಿಸುವಂತಿರಲಿಲ್ಲ.

ಅಕ್ಟೋಬರ್ ಬಂತು. ಅಪ್ಪನ ಗ್ಯಾಂಗು ಮತ್ತೆ ತಳೋಜಾದಲ್ಲಿತ್ತು, ಬೇರೆ ಕಟ್ಟಡ, ಬೇರೆ ಎಂಜಿನಿಯರು. ಅವ್ವ ಮೇಲೆ ಹೋಗುವುದನ್ನು ಬಿಟ್ಟಿರಲಿಲ್ಲ. ಒಂದೇ ಕೈಯಲ್ಲಿ ನೀರಿನ ಪೈಪು ಹಿಡಿಯುವ ಕೆಲಸ. ಬಿಡು ಎಂದರೆ, "ಮನಿಯಾಗ ಕುಂತು ನಿನ್ನ ಮಾರಿ ನೋಡ್ಲೇನು?" ಎನ್ನುತ್ತಿದ್ದಳು. ಒಂದು ದಿನ ಬೆಳಿಗ್ಗೆ ಎಂಜಿನಿಯರನ ಮೊಬೈಲು ಮತ್ತೆ ಅದೇ ಮಾತು ಹೇಳಿತು: ಒಂದು ಗಂಟೆಗೆ ಗುಡುಗುಮಳೆ. ಅಪ್ಪ ನನಗೆ ಫೋನ್ ಮಾಡಿದ. ಅವನು ನನ್ನ ಓದಿನ ಬಗ್ಗೆ ಅಲ್ಲಿಯವರೆಗೆ ಒಂದು ಪ್ರಶ್ನೆಯನ್ನೂ ಕೇಳಿದವನಲ್ಲ.

"ನಿನ್ನ ಲೆಕ್ಕ ಏನ್ ಹೇಳ್ತೈತಿ?"

ಪಟ್ಟಿಯನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ಓದಿದೆ. ಕಾಗದದ ಮೇಲೆ ಎರಡು ಗಂಟೆ ತಡ ಎನ್ನುವುದು ಬೇರೆ, ಅವ್ವನನ್ನು ಆಕಾಶದ ಕೆಳಗೆ ನಿಲ್ಲಿಸಿ ಎರಡು ಗಂಟೆ ತಡ ಎನ್ನುವುದು ಬೇರೆ. "ಒಂದಕ್ಕೆ ಬರೂದಿಲ್ಲಪ್ಪ. ಕೆಲಸ ನಡಸ್ರಿ. ಬದಲಾಪುರದಾಗ ಬಂತು ಅಂದ ಕೂಡ್ಲೇ ಇಳೀರಿ, ಒಂದು ನಿಮಿಷ ನಿಲ್ಲಬ್ಯಾಡ್ರಿ" ಎಂದೆ. ನಾನು ಕನ್ನಡದಲ್ಲೇ ಹೇಳಿದೆ ಎಂಬುದು ಫೋನ್ ಇಟ್ಟ ಮೇಲೆ ಗಮನಕ್ಕೆ ಬಂತು.

ನೆರೂಳದ ನನ್ನ ಕಾಲೇಜಿನಲ್ಲಿ ಇರಲಾಗಲಿಲ್ಲ. ಬಸ್ಸು ಹಿಡಿದು ಸೈಟಿಗೇ ಹೋದೆ. ಒಂದು ಗಂಟೆಗೆ ಸುಡುಬಿಸಿಲು, ಎರಡಕ್ಕೂ ಅದೇ. ಪಂಪು ಓಡುತ್ತಲೇ ಇತ್ತು, ಎಂಜಿನಿಯರು ಖುಷಿಯಲ್ಲಿದ್ದ. ಮೂರು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಗ್ರೂಪಿನಲ್ಲಿ ದನಿ ಬಂತು: "ಬದಲಾಪುರ. ಬಂತು. ದೊಡ್ಡ ಹನಿ. ಆರನೇ ಗಾಡಿ ಈಗ ಹಚ್ಚೀವಿ." ಪೂರ್ವದ ಆಕಾಶ ಕಪ್ಪಾಗಿತ್ತು. ಅಪ್ಪ ಮೇಲಿಂದ ಸೀಟಿ ಹೊಡೆದ. ಹತ್ತೊಂಬತ್ತು ಜನ, ಕೈಯಲ್ಲಿದ್ದದ್ದನ್ನು ಅಲ್ಲಲ್ಲೇ ಬಿಟ್ಟು, ತಾಡಪತ್ರಿ ಹಾಸಿ, ಮೆಟ್ಟಿಲಿಳಿದು ಬಂದರು. ಇನ್ನೂ ನಾಲ್ಕು ಗಾಡಿ ಬಾಕಿ ಇದ್ದವು. "ಮುಕಾದಮ್, ಪಾಗಲ್ ಹೋ ಗಯಾ ಕ್ಯಾ? ಆಧಾ ಸ್ಲ್ಯಾಬ್ ಛೋಡ್ ಕೇ?" ಎಂದು, ಅರ್ಧ ಸ್ಲ್ಯಾಬ್ ಬಿಟ್ಟು ಬರಲು ಹುಚ್ಚೇ ಎಂದು ಎಂಜಿನಿಯರು ಕಿರುಚಿದ. ಅಪ್ಪ ಬೀಡಿ ಹಚ್ಚಿಕೊಂಡು, "ಸಾಬ್, ಆದ್ಮಿ ಪೂರಾ ಹೈ, ಗಿನ್ ಲೋ" ಎಂದ, ಜನ ಪೂರ್ತಿ ಇದ್ದಾರೆ, ಎಣಿಸಿಕೊಳ್ಳಿ ಅಂತ.

ಧೂಳು ಎದ್ದಿತು. ದೂರದಲ್ಲಿ ಒಂದು ಗುಡುಗು ಕೇಳಿಸಿತು. ನಾವೆಲ್ಲ ಆಕಾಶ ನೋಡುತ್ತಾ ನಿಂತೆವು. ಒಂದು ಹನಿಯೂ ಬೀಳಲಿಲ್ಲ. ಮೋಡ ಅಂಬರನಾಥದ ಮೇಲೆ ಸುರಿದು ಅಲ್ಲೇ ಕರಗಿತಂತೆ. ಐದರ ಹೊತ್ತಿಗೆ ತಳೋಜಾದಲ್ಲಿ ಸಂಜೆ ಬಿಸಿಲು ಬಿದ್ದಿತ್ತು. ಬಾಕಿ ಗಾಡಿಗಳ ಕಾಂಕ್ರೀಟು ಹೊತ್ತು ಮೀರಿ ವಾಪಸ್ಸು ಹೋಯಿತು. ಅರ್ಧಕ್ಕೆ ನಿಂತ ಸ್ಲ್ಯಾಬಿನಲ್ಲಿ ಹಳೆಯದೂ ಹೊಸದೂ ಕೂಡುವುದಿಲ್ಲ, ಒಡೆದು ತೆಗೆಯಬೇಕು. ಮರುದಿನ ಆ ಸೈಟಿಗೆ ಬೇರೆ ಗ್ಯಾಂಗು ಬಂತು.

ಮಳೆ ಬಾರದ ಆ ಸಂಜೆಯೇ ಮನೆಯಲ್ಲಿ ನಾನು ಅತ್ತೆ. ಗ್ಯಾಂಗಿನವರು ಒಬ್ಬರೂ ನನಗೆ ಏನೂ ಅನ್ನಲಿಲ್ಲ, ಅದಕ್ಕೇ ಇನ್ನಷ್ಟು ಅತ್ತೆ. ಪಟ್ಟಿಯ ಕಡತ ಕಂಪ್ಯೂಟರಿನಲ್ಲಿ ತೆರೆದೇ ಇತ್ತು. ಆ ದಿನವನ್ನು ಸೇರಿಸದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಳೋಜಾದಿಂದ ಸಂದೇಶವೇ ಬಂದಿರಲಿಲ್ಲವಲ್ಲ. ಹಾಗೆ ಯೋಚಿಸಿದ್ದು ನಿಜ, ಮುಚ್ಚಿಡುವುದಿಲ್ಲ. ಅಪ್ಪ ಊಟಕ್ಕೆ ಕೂತವನು ಪರದೆಯ ಕಡೆ ನೋಡಿ, "ಇವತ್ತಿಂದು ಬರದಿ?" ಎಂದು ಕೇಳಿದ.

"ಏನಂತ ಬರೀಲಿ? ಬರಲಿಲ್ಲ ಅಂತನಾ?"

"ಹೂಂ. ಬರಲಿಲ್ಲ ಅಂತ ಬರಿ." ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. "ನಾವು ಇಳದ್ವಿ ಅಂತನೂ ಬರಿ."

ಎರಡನ್ನೂ ಬರೆದೆ. ಎರಡನೆಯದಕ್ಕೆ ಪಟ್ಟಿಯಲ್ಲಿ ಜಾಗವಿರಲಿಲ್ಲ, ಇಳಿದವರೆಷ್ಟು, ಮನೆ ಸೇರಿದವರೆಷ್ಟು ಎಂದು ಒಂದು ಹೊಸ ಕಾಲಮ್ ಮಾಡಬೇಕಾಯಿತು. ಆಮೇಲೆ ಹಳೆಯ ದಿನಗಳಿಗೂ ಆ ಕಾಲಮ್ ತುಂಬಿದೆ, ಮುಕಾದಮರನ್ನು ಒಬ್ಬೊಬ್ಬರನ್ನಾಗಿ ಕೇಳಿ. ಕೆಲವರಿಗೆ ನೆನಪಿತ್ತು. ಅವ್ವನ ಕೈ ಹೋದ ದಿನದ ಮುಂದೆ ತುಂಬಬೇಕಾದದ್ದನ್ನು ಅವಳೇ ಹೇಳಿ ಬರೆಸಿದಳು.

ಆರು ತಿಂಗಳ ಗಡುವಿನ ದಿನ ಅದೇ ಕೋಣೆ, ಅದೇ ತಜ್ಞರು. ಈ ಸಲ ನಾನು ಸಂದೇಶಗಳ ಭಾಗವನ್ನು ತೆಗೆದು ಹೋಗಿರಲಿಲ್ಲ, ಚಲನ್‌ಗಳನ್ನೂ ಸೇರಿಸಿ ಎರಡರಷ್ಟು ಮಾಡಿಕೊಂಡು ಹೋಗಿದ್ದೆ. ಮೊದಲ ಸ್ಲೈಡಿನಲ್ಲೇ, ಕಳೆದ ಸಲ ನಾನು ತೋರಿಸಿದ ಮೂರು ಗಂಟೆ ತಪ್ಪು, ನಿಮ್ಮ ಪ್ರಶ್ನೆ ಸರಿಯಾಗಿತ್ತು ಎಂದೆ. ಅವರು ನೆಟ್ಟಗೆ ಕೂತರು. ಒಂದು ಸಂದೇಶ ಕೇಳಿಸಿ, ಆ ಗಾಡಿಯ ಚಲನನ್ನು ಅವರ ಕೈಗೇ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ಇನ್ನೊಂದು ಕೇಳಿದರು, ಕೊಟ್ಟೆ. ಹಾಗೆ ಅವರೇ ಆರಿಸಿದ ಎಂಟು ದಿನಗಳನ್ನು ಪರೀಕ್ಷಿಸಿದರು. ನನ್ನ ಗೈಡ್ ಗಂಟಲು ಸರಿಪಡಿಸಿಕೊಂಡು, "ಎಲ್ಲವನ್ನೂ ನಾನು ಸ್ವತಃ ನೋಡಿದ್ದೇನೆ" ಎಂದರು. ಅವರು ಸಭೆಯಲ್ಲಿ ಕೇಳದೆ ಬಾಯಿ ತೆರೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ತಜ್ಞರು ಈಗ ನಗುತ್ತಿರಲಿಲ್ಲ. ಬಹುಶಃ ಸಹಾಯ ಮಾಡಬೇಕೆಂದೇ ಹೇಳಿದರು: "ಇದನ್ನು ಒಪ್ಪಬಹುದು. ಆದರೆ ಈ ಅಕ್ಟೋಬರಿನ ಒಂದು ದಿನ ಉಳಿದದ್ದಕ್ಕೆ ಹೊಂದುವುದಿಲ್ಲ. ತೆಗೆದುಬಿಡಿ. ಪಟ್ಟಿ ಚೊಕ್ಕಟವಾಗುತ್ತದೆ, ಈಗಲೇ ಸಹಿ ಹಾಕುತ್ತೇನೆ."

"ತೆಗೆಯುವುದಿಲ್ಲ ಸರ್."

"ಒಂದೇ ದಿನ."

"ಆ ದಿನವನ್ನು ಓದುತ್ತೇನೆ, ಕೇಳಿ." ನನ್ನ ದನಿ ಸ್ವಲ್ಪ ಜೋರಾಯಿತು, ಆಗಲಿ ಎಂದುಕೊಂಡೆ. "ಮಾದರಿ ಹೇಳಿದ್ದು: ಒಂದು ಗಂಟೆ. ಬದಲಾಪುರದಲ್ಲಿ ಮೊದಲ ಹನಿ: ಮೂರು ಕಳೆದು. ತಳೋಜಾದಲ್ಲಿ ಮಳೆ: ಇಲ್ಲ. ಕೆಳಗಿಳಿದವರು: ಹತ್ತೊಂಬತ್ತು. ಮನೆ ಸೇರಿದವರು: ಹತ್ತೊಂಬತ್ತು."

ಅವರು ಕನ್ನಡಕ ಸರಿಪಡಿಸಿಕೊಂಡು ಪರದೆ ನೋಡಿದರು. "ಕೊನೆಯ ಈ ಕಾಲಮ್ ಏನು? ಹವಾಮಾನದ ಪಟ್ಟಿಯಲ್ಲಿ ಇದು ಯಾಕೆ ಬೇಕು?"

"ಉಳಿದ ಕಾಲಮ್‌ಗಳೆಲ್ಲ ಇರುವುದು ಇದಕ್ಕೇ ಸರ್."

ಕೊನೆಗೆ ಅವರು ನೋಂದಣಿ ಮುಂದುವರಿಸಲು ಸಹಿ ಹಾಕಿದರು. ಹಾಕುವ ಮುನ್ನ ಕಡತದ ಅಂಚಿನಲ್ಲಿ, ಅಂತಿಮ ಪ್ರಬಂಧದಿಂದ ಕೊನೆಯ ಕಾಲಮ್ ತೆಗೆಯತಕ್ಕದ್ದು ಎಂದು ತಮ್ಮ ಕೈಯಾರೆ ಷರಾ ಬರೆದರು.

ಪ್ರಬಂಧ ಕಳೆದ ವಾರ ಅಚ್ಚಾಗಿ, ರಟ್ಟು ಕಟ್ಟಿಸಿಕೊಂಡು ಬಂತು. ನಾಳೆ ಸಲ್ಲಿಸುತ್ತೇನೆ. ಕಾಲಮ್ ಇದೆ.